ಧ್ವನಿಮುದ್ರಿತ ತಾಳವಾದ್ಯದ ವೇಗ ಬದಲಿಸುವುದು ಹೇಗೆ: ಘಟಕಗಳಿಗೊಂದು ಕೈಪಿಡಿ

ನವೆಂಬರ್ ಹತ್ತಿರ ಬಂದಂತೆ ಗಡಿಭಾಗದ ಘಟಕಗಳಿಂದ ಒಂದು ಪ್ರಶ್ನೆ ಪ್ರತಿವರ್ಷವೂ ತಪ್ಪದೆ ಬರುತ್ತದೆ: "ಡೊಳ್ಳಿನ ರೆಕಾರ್ಡಿಂಗ್ ಇದೆ, ಮಕ್ಕಳಿಗೆ ವೇಗ ಜಾಸ್ತಿ ಆಗುತ್ತಿದೆ. ಸ್ವಲ್ಪ ನಿಧಾನ ಮಾಡುವುದು ಹೇಗೆ?" ಕೆಲವರ ಪ್ರಶ್ನೆ ಇದಕ್ಕೆ ತಿರುಗುಮುರುಗು. ವೇದಿಕೆಯಲ್ಲಿ ಸಿಗುವುದು 5 ನಿಮಿಷ, ಹಾಡು 5 ನಿಮಿಷ 40 ಸೆಕೆಂಡ್ ಇದೆ, ಸ್ವಲ್ಪ ಓಡಿಸಬೇಕು. ಇನ್ನು ಕೆಲವರು ಮಾಡಿಯೂ ನೋಡಿರುತ್ತಾರೆ. ನಿಧಾನವೇನೋ ಆಯಿತು, ಆದರೆ ಡೊಳ್ಳು ಡೊಳ್ಳಿನಂತೆ ಕೇಳುತ್ತಿಲ್ಲ, ಪೆಟ್ಟು ಮೆತ್ತಗಾಗಿದೆ, ನೀರಿನಡಿಯಿಂದ ಬಂದಂತಿದೆ ಎನ್ನುತ್ತಾರೆ.

ಹೊಸೂರಿನಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ಪ್ರತಿ ಅಭ್ಯಾಸಕ್ಕೂ ವಾದ್ಯದವರನ್ನು ಕರೆಸುವುದು ಆಗದ ಮಾತು. ಮಕ್ಕಳು ಹೆಜ್ಜೆ ಕಲಿಯುವುದು ರೆಕಾರ್ಡಿಂಗ್ ಕೇಳಿಕೊಂಡೇ. ಹಾಗಾಗಿ ರೆಕಾರ್ಡಿಂಗಿನಲ್ಲಿ ನಾವು ಮಾಡುವ ಬದಲಾವಣೆ ನೇರವಾಗಿ ಮಕ್ಕಳ ಕಾಲಿಗೆ ಇಳಿಯುತ್ತದೆ. ಪ್ರತಿಸಲ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಟ್ಟರೆ ಅನುಕೂಲ ಎಂದು ಈ ಲೇಖನ ಸಿದ್ಧಪಡಿಸಿದ್ದೇವೆ. ಸಂಗೀತದ ಸಾಫ್ಟ್‌ವೇರ್ ಹೊಸತಾಗಿ ಕಲಿಯುತ್ತಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದೇವೆ.

ಮೊದಲೇ ಒಂದು ಮಾತು. ತಾಳವಾದ್ಯದ ವೇಗ ಬದಲಿಸುವಾಗ ಬದಲಾಗಬೇಕಾದದ್ದು ಪೆಟ್ಟುಗಳ ನಡುವಿನ ಅಂತರ, ಪೆಟ್ಟು ಅಲ್ಲ. ಕೆಳಗೆ ಹೇಳುವ ಎಲ್ಲ ವಿಧಾನಗಳ ಗುಣದೋಷವನ್ನು ಈ ಒಂದು ಅಳತೆಯಿಂದಲೇ ತೂಗಬಹುದು.

1. ವೇಗ, ಅವಧಿ, ಶ್ರುತಿ

ಹಳೆಯ ಕ್ಯಾಸೆಟ್ ಪ್ಲೇಯರಿನಲ್ಲಿ ಸೆಲ್ ಇಳಿದಾಗ ಏನಾಗುತ್ತಿತ್ತು ಎಂದು ನೆನಪಿಸಿಕೊಳ್ಳಿ. ಹಾಡು ನಿಧಾನವಾಗುತ್ತಿತ್ತು, ಜೊತೆಗೆ ಗಾಯಕರ ದನಿಯೂ ದಪ್ಪವಾಗುತ್ತಿತ್ತು. ಟೇಪು ನಿಧಾನವಾಗಿ ಓಡಿದರೆ ವೇಗ, ಶ್ರುತಿ ಎರಡೂ ಒಟ್ಟಿಗೇ ಇಳಿಯುತ್ತವೆ. ಸಾಫ್ಟ್‌ವೇರಿನಲ್ಲಿ ಇವೆರಡನ್ನು ಬೇರೆ ಮಾಡಬಹುದು. ಶ್ರುತಿ ಇದ್ದಲ್ಲೇ ಇರುವಂತೆ ವೇಗವನ್ನಷ್ಟೇ ಬದಲಿಸುವುದಕ್ಕೆ ಟೈಮ್ ಸ್ಟ್ರೆಚ್ ಎನ್ನುತ್ತಾರೆ.

ವೇಗದ ಅಳತೆ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬಡಿತ ಎಂಬ ಲೆಕ್ಕ. ಮೂರು ಸರಳ ಸೂತ್ರಗಳು ಸಾಕು.

- ಒಂದು ಬಡಿತದ ಅವಧಿ: 60,000 ಅನ್ನು ಬಿಪಿಎಂನಿಂದ ಭಾಗಿಸಿದರೆ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. 100 ಬಿಪಿಎಂ ಇದ್ದರೆ 600 ಮಿಲಿಸೆಕೆಂಡ್.
- ಶೇಕಡಾ ಬದಲಾವಣೆ: ಹೊಸ ಬಿಪಿಎಂನಿಂದ ಹಳೆಯದನ್ನು ಕಳೆದು, ಹಳೆಯದರಿಂದ ಭಾಗಿಸಿ, 100ರಿಂದ ಗುಣಿಸಬೇಕು.
- ಹೊಸ ಅವಧಿ: ಹಳೆಯ ಅವಧಿಯನ್ನು ಹಳೆಯ ಬಿಪಿಎಂನಿಂದ ಗುಣಿಸಿ, ಹೊಸ ಬಿಪಿಎಂನಿಂದ ಭಾಗಿಸಬೇಕು.

ಉದಾಹರಣೆಗೆ 112 ಬಿಪಿಎಂ ಇರುವ 5 ನಿಮಿಷದ ಡೊಳ್ಳಿನ ಟ್ರ್ಯಾಕನ್ನು 100ಕ್ಕೆ ಇಳಿಸಿದರೆ ಬದಲಾವಣೆ ಸುಮಾರು ಶೇ. 10.7. ಅವಧಿ 5 ನಿಮಿಷ 36 ಸೆಕೆಂಡ್ ಆಗುತ್ತದೆ. ಒಂದೊಂದು ಬಡಿತದ ನಡುವೆ ಹೆಚ್ಚುವ ಸಮಯ ಸುಮಾರು 64 ಮಿಲಿಸೆಕೆಂಡ್. ಕೇಳಲು ಕಡಿಮೆ ಎನಿಸಿದರೂ ಕಾಲಿಗೆ ಅದು ದೊಡ್ಡ ವ್ಯತ್ಯಾಸ.

ಇದೇ ಬದಲಾವಣೆಯನ್ನು ಶ್ರುತಿ ಉಳಿಸದೆ, ಟೇಪಿನ ರೀತಿಯಲ್ಲಿ ಮಾಡಿದರೆ ದನಿ ಹೆಚ್ಚುಕಡಿಮೆ ಎರಡು ಅರ್ಧಸ್ವರ ಇಳಿಯುತ್ತದೆ. ಹಾರ್ಮೋನಿಯಂ ಮೇಲೆ ಹೇಳುವುದಾದರೆ ಕಪ್ಪು ಬಿಳಿ ಎರಡನ್ನೂ ಎಣಿಸಿ ಎರಡು ಮನೆ ಹಿಂದಕ್ಕೆ ಹೋದಂತೆ. ವೇಗ ಶೇ. 3ರಷ್ಟು ಹೆಚ್ಚಿದರೆ ಸುಮಾರು ಅರ್ಧ ಮನೆ, ಶೇ. 6ರಷ್ಟು ಹೆಚ್ಚಿದರೆ ಒಂದು ಮನೆ, ಶೇ. 10ರಷ್ಟು ಹೆಚ್ಚಿದರೆ ಒಂದೂವರೆ ಮನೆಗಿಂತ ತುಸು ಹೆಚ್ಚು ಏರುತ್ತದೆ.

ಶೇಕಡಾ ಲೆಕ್ಕದಲ್ಲಿ ಹಲವರು ಎಡವುವ ಜಾಗವೊಂದಿದೆ. 120ನ್ನು ಶೇ. 10ರಷ್ಟು ಇಳಿಸಿದರೆ 108. ಆ 108ನ್ನು ಶೇ. 10ರಷ್ಟು ಏರಿಸಿದರೆ 120 ಬರುವುದಿಲ್ಲ, 118.8 ಬರುತ್ತದೆ. ಆದ್ದರಿಂದ ಬದಲಿಸಿದ್ದನ್ನೇ ಮತ್ತೆ ಬದಲಿಸುತ್ತ ಹೋಗಬಾರದು. ಪ್ರತಿಸಲವೂ ಮೂಲ ಕಡತದಿಂದಲೇ ಆರಂಭಿಸಬೇಕು.

2. ಸಾಫ್ಟ್‌ವೇರಿನ ಒಳಗೆ ನಡೆಯುವುದೇನು

ಶ್ರುತಿ ಉಳಿಸಿ ವೇಗ ಬದಲಿಸಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ತುಣುಕು ಜೋಡಿಸುವುದು. ಧ್ವನಿಯನ್ನು ಮಿಲಿಸೆಕೆಂಡುಗಳ ಲೆಕ್ಕದ ಸಣ್ಣ ಸಣ್ಣ ತುಣುಕು ಮಾಡಿ, ಒಂದರ ಅಂಚಿನ ಮೇಲೆ ಇನ್ನೊಂದನ್ನು ಹೊಂದಿಸಿ ಜೋಡಿಸುತ್ತಾರೆ. ನಿಧಾನ ಮಾಡಲು ಕೆಲವು ತುಣುಕು ಎರಡು ಸಲ ಬರುತ್ತವೆ, ವೇಗ ಮಾಡಲು ಕೆಲವು ಬಿಟ್ಟುಹೋಗುತ್ತವೆ. ಹಾಡಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಎರಡು ಸಲ ಬರುವ ತುಣುಕಿನೊಳಗೆ ಒಂದು ಪೆಟ್ಟು ಸಿಕ್ಕಿಬಿದ್ದರೆ ಅದು "ಢಂ" ಎಂಬಲ್ಲಿ "ಢಢಂ" ಎಂದು ಕೇಳುತ್ತದೆ.

ಎರಡನೆಯದು ಫೇಸ್ ವೋಕೋಡರ್. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಫ್ಲಾನಗನ್ ಮತ್ತು ಗೋಲ್ಡನ್ 1966ರಲ್ಲಿ ಮಾತಿನ ಧ್ವನಿಗಾಗಿ ಪ್ರಕಟಿಸಿದ ವಿಧಾನ ಇದು. ಧ್ವನಿಯನ್ನು ಬೇರೆಬೇರೆ ಕಂಪನಗಳಾಗಿ ಬಿಡಿಸಿ, ಪ್ರತಿಯೊಂದನ್ನೂ ಬೇಕಾದಷ್ಟು ಹೊತ್ತು ನಡೆಸಿ, ಮತ್ತೆ ಕೂಡಿಸುತ್ತದೆ. ಎಳೆದು ಹಾಡುವ ಸ್ವರಕ್ಕೆ ಇದು ಸರಿ. ಡೊಳ್ಳಿನ ಪೆಟ್ಟು ಹಾಗಲ್ಲ. ಕೋಲು ಚರ್ಮಕ್ಕೆ ತಾಗುವ ಆ ಕೆಲವೇ ಮಿಲಿಸೆಕೆಂಡಿನಲ್ಲಿ ಎಲ್ಲ ಕಂಪನಗಳೂ ಒಟ್ಟಿಗೇ ಸಿಡಿಯುತ್ತವೆ. ಅವನ್ನು ಬಿಡಿಸಿ ಕೂಡಿಸುವಾಗ ಒಂದಕ್ಕೊಂದು ಸ್ವಲ್ಪ ಹಿಂದುಮುಂದಾದರೆ ಸಿಡಿತ ಹರಡಿಹೋಗುತ್ತದೆ. ಮೇಲೆ ಹೇಳಿದ "ನೀರಿನಡಿಯ ಡೊಳ್ಳು" ಹುಟ್ಟುವುದು ಹೀಗೆ.

ಮೂರನೆಯದು ಪೆಟ್ಟು ಪೆಟ್ಟಿಗೆ ಕತ್ತರಿಸುವುದು. ಪ್ರತಿ ಪೆಟ್ಟಿನ ಆರಂಭದಲ್ಲಿ ಕತ್ತರಿಸಿ, ತುಂಡುಗಳನ್ನು ಹಿಗ್ಗಿಸದೆ ಕುಗ್ಗಿಸದೆ, ಅವುಗಳ ಜಾಗವನ್ನಷ್ಟೇ ಸರಿಸುವುದು. ಸ್ವೀಡನ್ನಿನ ಪ್ರೊಪೆಲ್ಲರ್‌ಹೆಡ್ 1994ರಲ್ಲಿ ಹೊರತಂದ ರೀಸೈಕಲ್ ಎಂಬ ಸಾಫ್ಟ್‌ವೇರ್ ಈ ವಿಧಾನವನ್ನು ಬಳಕೆಗೆ ತಂದದ್ದರಲ್ಲಿ ಮುಖ್ಯವಾದುದು. ಇಲ್ಲಿ ಪೆಟ್ಟು ಇದ್ದಂತೆಯೇ ಉಳಿಯುತ್ತದೆ, ಅಂತರ ಬದಲಾಗುತ್ತದೆ. ತಾಳವಾದ್ಯಕ್ಕೆ ಸ್ವಭಾವತಃ ಹೊಂದುವುದು ಇದೇ.

ಈಗಿನ ಬಹುತೇಕ ಸಾಫ್ಟ್‌ವೇರುಗಳಲ್ಲಿ ತಾಳವಾದ್ಯಕ್ಕೆಂದೇ ಪ್ರತ್ಯೇಕ ಆಯ್ಕೆ ಇರುತ್ತದೆ. ಏಬಲ್ಟನ್ ಲೈವ್‌ನಲ್ಲಿ ವಾರ್ಪ್‌ನ ಬೀಟ್ಸ್ ಮೋಡ್, ಲಾಜಿಕ್ ಪ್ರೊನಲ್ಲಿ ಫ್ಲೆಕ್ಸ್ ಟೈಮ್‌ನ ಸ್ಲೈಸಿಂಗ್, ಪ್ರೊ ಟೂಲ್ಸ್‌ನಲ್ಲಿ ಎಲಾಸ್ಟಿಕ್ ಆಡಿಯೊದ ರಿದಮಿಕ್, ಕ್ಯೂಬೇಸ್‌ನಲ್ಲಿ ಹಿಟ್‌ಪಾಯಿಂಟ್ ಹೀಗೆ ಹೆಸರುಗಳು ಬೇರೆ. ಪೆಟ್ಟಿನ ಆರಂಭದ ಬಿಂದುವನ್ನು ಇವೆಲ್ಲ ಟ್ರಾನ್ಸಿಯೆಂಟ್ ಎಂದು ಕರೆಯುತ್ತವೆ. ಸ್ಟುಡಿಯೊದಲ್ಲಿ ಕೆಲಸ ಮಾಡಿಸುವವರು "ತಾಳವಾದ್ಯಕ್ಕೆ ಯಾವ ಮೋಡ್ ಹಾಕಿದ್ದೀರಿ?" ಎಂದು ಒಮ್ಮೆ ಕೇಳಿದರೆ ಅರ್ಧ ತೊಂದರೆ ತಪ್ಪುತ್ತದೆ.

3. ಮೊದಲು ವೇಗ ಅಳೆಯಿರಿ

ಸಾಫ್ಟ್‌ವೇರ್ ತಾನೇ ಬಿಪಿಎಂ ಕಂಡುಹಿಡಿದು ತೋರಿಸುತ್ತದೆ. ಆದರೆ ಕಣ್ಣುಮುಚ್ಚಿ ನಂಬಬೇಡಿ. 70 ಇರುವುದನ್ನು 140 ಎಂದೋ, 140 ಇರುವುದನ್ನು 70 ಎಂದೋ ತೋರಿಸುವುದು ಸಾಮಾನ್ಯ. ಕೈಯಲ್ಲಿ ತಾಳ ಹಾಕಿ ಎಣಿಸುವುದೇ ಭದ್ರ. ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು, ಮೊದಲ ಬಡಿತಕ್ಕೆ "ಸೊನ್ನೆ" ಎಂದು ಎಣಿಕೆ ಶುರುಮಾಡಿ, 32ನೇ ಬಡಿತಕ್ಕೆ ನಿಲ್ಲಿಸಿ. 32ನ್ನು 60ರಿಂದ ಗುಣಿಸಿ, ಹಿಡಿದ ಸೆಕೆಂಡುಗಳಿಂದ ಭಾಗಿಸಿ. 32 ಬಡಿತಕ್ಕೆ 16 ಸೆಕೆಂಡ್ ಆದರೆ 120 ಬಿಪಿಎಂ. ಎಣಿಕೆಯನ್ನು "ಒಂದು" ಎಂದು ಆರಂಭಿಸಿದರೆ ಒಂದು ಬಡಿತ ತಪ್ಪಿ ಲೆಕ್ಕ ಕೆಡುತ್ತದೆ.

ಇನ್ನೊಂದು ತೊಡಕು ತಾಳದ್ದು. ಹೊಸ ಪ್ರಾಜೆಕ್ಟ್ ತೆರೆದರೆ ಸಾಫ್ಟ್‌ವೇರ್ ನಾಲ್ಕು ಎಣಿಕೆಯ ಗೆರೆಗಳನ್ನು ಹಾಕಿಕೊಂಡು ಕೂರುತ್ತದೆ. ಕಾಸರಗೋಡು ಕಡೆಯ ಯಕ್ಷಗಾನದ ತ್ರಿವುಡೆಗೆ 7, ಝಂಪೆಗೆ 10 ಅಕ್ಷರ. ನಾಲ್ಕರ ಗೆರೆಯ ಮೇಲೆ ಇವನ್ನು ಕೂರಿಸಿದರೆ ಮೊದಲ ಅಕ್ಷರ ಒಂದೊಂದು ಆವರ್ತಕ್ಕೆ ಒಂದೊಂದು ಕಡೆ ಬೀಳುತ್ತದೆ. ಟೈಮ್ ಸಿಗ್ನೇಚರ್ ಎಂಬಲ್ಲಿ 7 ಅಥವಾ 10 ಎಂದು ಬದಲಿಸಿಕೊಂಡು, ಪ್ರತಿ ಆವರ್ತದ ಮೊದಲ ಪೆಟ್ಟು ಗೆರೆಯ ಹತ್ತಿರವೇ ಬೀಳುತ್ತಿದೆಯೇ ಎಂದು ನೋಡಿ. ನಂತರವೇ ಮುಂದಿನ ಕೆಲಸ.

4. ಮಾಡುವ ವಿಧಾನಗಳು

ಸುಲಭದಿಂದ ಕಷ್ಟದ ಕಡೆಗೆ ನಾಲ್ಕು ವಿಧಾನಗಳನ್ನು ಕೊಡುತ್ತಿದ್ದೇವೆ.

*ಕ) ಅಭ್ಯಾಸಕ್ಕೆ ಮಾತ್ರ ಸಾಕಾದರೆ.* ಕಡತ ಬದಲಿಸುವ ಅಗತ್ಯವೇ ಇಲ್ಲ. ಯೂಟ್ಯೂಬಿನಲ್ಲೂ ವಿಎಲ್‌ಸಿ ಪ್ಲೇಯರಿನಲ್ಲೂ ಪ್ಲೇಬ್ಯಾಕ್ ಸ್ಪೀಡ್ ಎಂಬ ಆಯ್ಕೆ ಇದೆ. 120 ಬಿಪಿಎಂ ಇರುವುದನ್ನು 0.75ಕ್ಕೆ ಇಟ್ಟರೆ 90 ಆಗುತ್ತದೆ, ಶ್ರುತಿ ಬದಲಾಗುವುದಿಲ್ಲ. ಪೆಟ್ಟು ಸ್ವಲ್ಪ ಮಂಕಾಗಬಹುದು, ಹೆಜ್ಜೆ ಕಲಿಯಲು ಅಡ್ಡಿಯಿಲ್ಲ. ಮಕ್ಕಳು ಒಗ್ಗಿದಂತೆ ಹಂತಹಂತವಾಗಿ ಮೂಲ ವೇಗಕ್ಕೆ ಏರಿಸಿ. ಹೆಚ್ಚಿನ ಘಟಕಗಳ ತೊಂದರೆ ಇಷ್ಟರಲ್ಲೇ ಮುಗಿಯುತ್ತದೆ.

*ಖ) ಇಡೀ ಟ್ರ್ಯಾಕಿನ ವೇಗ ಒಂದೇ ಸಲ ಬದಲಿಸುವುದು.* ಇದಕ್ಕೆ ಉಚಿತವಾಗಿ ಸಿಗುವ ಅಡಾಸಿಟಿ ಸಾಕು.

1. ಕಡತ ತೆರೆದು, ಪೂರ್ತಿ ಟ್ರ್ಯಾಕ್ ಆಯ್ಕೆ ಮಾಡಿ.
2. ಎಫೆಕ್ಟ್ ಮೆನುವಿನಲ್ಲಿ ಚೇಂಜ್ ಟೆಂಪೊ ತೆರೆಯಿರಿ. ಪಕ್ಕದಲ್ಲೇ ಇರುವ ಚೇಂಜ್ ಸ್ಪೀಡ್ ಶ್ರುತಿಯನ್ನೂ ಬದಲಿಸುತ್ತದೆ, ಗೊಂದಲ ಬೇಡ.
3. ಬಿಪಿಎಂ ಮನೆಗಳಲ್ಲಿ ಹಳೆಯದು, ಹೊಸದು ಎರಡನ್ನೂ ಬರೆಯಿರಿ. ಶೇಕಡಾವಾರು, ಹೊಸ ಅವಧಿ ತಾನಾಗಿಯೇ ಬರುತ್ತವೆ. ವೇದಿಕೆಯ ಸಮಯ ನಿಗದಿಯಾಗಿದ್ದರೆ ಅವಧಿಯ ಮನೆಯಲ್ಲೇ ಬರೆಯಬಹುದು.
4. ಹೈ ಕ್ವಾಲಿಟಿ ಸ್ಟ್ರೆಚಿಂಗ್ ಎಂಬ ಆಯ್ಕೆಯನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು ಕೇಳಿ ನೋಡಿ. ಹೆಸರು ನೋಡಿ ಅದೇ ಮೇಲು ಎಂದುಕೊಳ್ಳಬೇಡಿ. ಅದು ಎಳೆಯುವ ನಾದವನ್ನು ಲೆಕ್ಕದಲ್ಲಿಟ್ಟ ವಿಧಾನ. ಬರೀ ಪೆಟ್ಟಿನ ವಾದ್ಯಕ್ಕೆ ಎಷ್ಟೋ ಸಲ ಸಾಮಾನ್ಯ ಆಯ್ಕೆಯೇ ಚೆನ್ನಾಗಿರುತ್ತದೆ.
5. ಹೊಸ ಹೆಸರಿನಲ್ಲಿ ಎಕ್ಸ್‌ಪೋರ್ಟ್ ಮಾಡಿ.

2023ರಲ್ಲಿ ಬಂದ 3.4ನೇ ಆವೃತ್ತಿಯಿಂದ ಅಡಾಸಿಟಿಯಲ್ಲಿ ಬಿಪಿಎಂ ಗೆರೆಗಳೂ ಇವೆ. ಆಲ್ಟ್ ಕೀ ಒತ್ತಿಹಿಡಿದು ಕ್ಲಿಪ್ಪಿನ ಅಂಚನ್ನು ಎಳೆದರೂ ವೇಗ ಬದಲಾಗುತ್ತದೆ. ಈ ರೀತಿ ಮಾಡಿದ ಬದಲಾವಣೆಯನ್ನು ಬೇಡವೆಂದಾಗ ಹಿಂದಕ್ಕೆ ತರಬಹುದು.

*ಗ) ಪೆಟ್ಟು ಕತ್ತರಿಸಿ ಸರಿಸುವುದು.* ಡೊಳ್ಳು, ತಮಟೆ, ಹಲಗೆ ಮುಂತಾದ ಬಿಡಿಬಿಡಿ ಪೆಟ್ಟಿನ ವಾದ್ಯಕ್ಕೆ ನಾವು ಹೇಳುವುದು ಇದನ್ನೇ. ರೀಪರ್ ಸಾಫ್ಟ್‌ವೇರಿನಲ್ಲಿ ಕ್ರಮ ಹೀಗಿದೆ.

1. ಅಳೆದ ಬಿಪಿಎಂ ಅನ್ನು ಪ್ರಾಜೆಕ್ಟಿಗೆ ಕೊಟ್ಟು, ಮೊದಲ ಪೆಟ್ಟನ್ನು ಗೆರೆಗೆ ಸರಿಯಾಗಿ ಕೂರಿಸಿ.
2. ಡೈನಮಿಕ್ ಸ್ಪ್ಲಿಟ್ ತೆರೆದು ಟ್ರಾನ್ಸಿಯೆಂಟ್ ಇರುವಲ್ಲಿ ಕತ್ತರಿಸಲು ಹೇಳಿ. ಸೂಕ್ಷ್ಮತೆ ತೀರಾ ಹೆಚ್ಚಿಟ್ಟರೆ ಕುಣಿಯುವವರ ಗೆಜ್ಜೆಯನ್ನೂ ಪೆಟ್ಟೆಂದು ತಿಳಿದು ಕತ್ತರಿಸುತ್ತದೆ, ಕಡಿಮೆ ಇಟ್ಟರೆ ಸಣ್ಣ ಪೆಟ್ಟು ತಪ್ಪಿಹೋಗುತ್ತದೆ. ಗೆರೆಗಳನ್ನು ನೋಡಿಕೊಂಡು ಹೊಂದಿಸಿ.
3. ಎಲ್ಲ ತುಂಡುಗಳ ಟೈಮ್‌ಬೇಸನ್ನು "ಬೀಟ್ಸ್, ಪೊಸಿಷನ್ ಓನ್ಲಿ" ಎಂದು ಬದಲಿಸಿ. ತುಂಡಿನ ಜಾಗ ಮಾತ್ರ ವೇಗಕ್ಕೆ ತಕ್ಕಂತೆ ಸರಿಯಲಿ, ತುಂಡು ಹಿಗ್ಗದಿರಲಿ ಎಂಬುದು ಇದರ ಅರ್ಥ.
4. ಈಗ ಪ್ರಾಜೆಕ್ಟಿನ ಬಿಪಿಎಂ ಬದಲಿಸಿ. ಪೆಟ್ಟುಗಳು ತಾವಾಗಿಯೇ ಹೊಸ ಜಾಗಕ್ಕೆ ಹೋಗಿ ನಿಲ್ಲುತ್ತವೆ.

ವೇಗ ಹೆಚ್ಚಿಸಿದರೆ ಒಂದು ತುಂಡಿನ ಕೊನೆ ಇನ್ನೊಂದರ ಮೇಲೆ ಏರುತ್ತದೆ. ಅಲ್ಲಿ ಸಣ್ಣ ಕ್ರಾಸ್‌ಫೇಡ್ ಕೊಟ್ಟರೆ ಸಾಕು. ವೇಗ ಇಳಿಸಿದಾಗ ನಡುವೆ ಖಾಲಿ ಜಾಗ ಉಳಿಯುತ್ತದೆ. ಬಯಲಲ್ಲೋ ಸಭಾಂಗಣದಲ್ಲೋ ಮಾಡಿದ ರೆಕಾರ್ಡಿಂಗಿನಲ್ಲಿ ಸುತ್ತಲಿನ ಸದ್ದು ಪಕ್ಕನೆ ನಿಂತು ಮತ್ತೆ ಶುರುವಾದಂತೆ ಕೇಳುತ್ತದೆ. ಪ್ರತಿ ತುಂಡಿನ ಕೊನೆಯನ್ನು ಮೆಲ್ಲಗೆ ಇಳಿಸಿ, ಅದೇ ರೆಕಾರ್ಡಿಂಗಿನ ಆರಂಭದಲ್ಲಿ ವಾದ್ಯವಿಲ್ಲದ ಕೆಲವು ಸೆಕೆಂಡುಗಳ ಬರಿಯ ಸದ್ದು ಸಿಕ್ಕಿದರೆ ಅದನ್ನು ಅಡಿಯಲ್ಲಿ ಉದ್ದಕ್ಕೂ ಹಾಸಿದರೆ ಖಾಲಿ ತುಂಬುತ್ತದೆ.

*ಘ) ಪೆಟ್ಟು ಹಿಡಿದಿಟ್ಟು ಉಳಿದದ್ದನ್ನು ಹಿಗ್ಗಿಸುವುದು.* ಪೆಟ್ಟಿನ ನಂತರ ನಾದ ಉದ್ದಕ್ಕೆ ನಿಲ್ಲುವ ವಾದ್ಯವಾದರೆ ಕತ್ತರಿಸುವಂತಿಲ್ಲ. ಆಗ ಸ್ಟ್ರೆಚ್ ಮಾರ್ಕರ್ ಬಳಸಬೇಕು. ಪ್ರತಿ ಪೆಟ್ಟಿನ ಆರಂಭಕ್ಕೆ ಒಂದು ಮಾರ್ಕರ್, ಅದರ ನಂತರ 30ರಿಂದ 50 ಮಿಲಿಸೆಕೆಂಡಿನಾಚೆ ಇನ್ನೊಂದು. ಸರಿಸುವಾಗ ಈ ಎರಡನ್ನೂ ಜೋಡಿಯಾಗಿ ಸರಿಸಿದರೆ ಅವುಗಳ ನಡುವಿನ ಸಿಡಿತ ಹಾಗೆಯೇ ಉಳಿದು, ಆಮೇಲಿನ ನಾದವಷ್ಟೇ ಹಿಗ್ಗುತ್ತದೆ. ಸಮಯ ಹಿಡಿಯುವ ಕೆಲಸ ನಿಜ. ವೇದಿಕೆಗೆ ಬೇಕಾದ ಒಂದು ನಿಮಿಷದ ಭಾಗಕ್ಕಾದರೂ ಮಾಡಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

5. ಹಲವು ಮೈಕಿನ ರೆಕಾರ್ಡಿಂಗ್ ಇದ್ದರೆ

ಚೆಂಡೆಗೆ ಒಂದು, ಮದ್ದಳೆಗೆ ಒಂದು, ಭಾಗವತರಿಗೆ ಒಂದು ಹೀಗೆ ಬೇರೆಬೇರೆ ಮೈಕಿನ ಟ್ರ್ಯಾಕುಗಳು ಕೈಯಲ್ಲಿದ್ದರೆ ಕೆಲಸ ಸುಲಭ ಎನಿಸುತ್ತದೆ. ಅಪಾಯವೂ ಅಲ್ಲೇ ಇದೆ. ಚೆಂಡೆಯ ಸದ್ದು ಚೆಂಡೆಯ ಮೈಕಿಗೆ ಮಾತ್ರ ಹೋಗುವುದಿಲ್ಲ, ಭಾಗವತರ ಮೈಕಿನಲ್ಲೂ ಇರುತ್ತದೆ. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. 3 ಮೀಟರ್ ದೂರದ ಮೈಕಿಗೆ ಅದೇ ಪೆಟ್ಟು ಸುಮಾರು 9 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಈ ಸಣ್ಣ ತಡವೇ ರೆಕಾರ್ಡಿಂಗಿಗೆ ರಂಗಸ್ಥಳದ ಆಳ ಕೊಡುವುದು.

ಒಂದು ಟ್ರ್ಯಾಕನ್ನಷ್ಟೇ ಕತ್ತರಿಸಿ ಸರಿಸಿದರೆ ಈ ಸಂಬಂಧ ಹರಿದುಹೋಗುತ್ತದೆ. ಒಂದೇ ಪೆಟ್ಟು ಎರಡಾಗಿ ಕೇಳುತ್ತದೆ, ಇಲ್ಲವೇ ಒಂದನ್ನೊಂದು ನುಂಗಿ ಸೊರಗುತ್ತದೆ. ಆದ್ದರಿಂದ ಎಲ್ಲ ಟ್ರ್ಯಾಕುಗಳನ್ನೂ ಗ್ರೂಪ್ ಮಾಡಿ, ಸ್ಪಷ್ಟವಾದ ಒಂದು ಟ್ರ್ಯಾಕಿನ ಪೆಟ್ಟುಗಳನ್ನು ಆಧಾರವಾಗಿಟ್ಟುಕೊಂಡು, ಎಲ್ಲವನ್ನೂ ಒಂದೇ ಗೆರೆಯಲ್ಲಿ ಕತ್ತರಿಸಿ ಒಟ್ಟಿಗೇ ಸರಿಸಬೇಕು. ಹಿಗ್ಗಿಸುವುದಾದರೂ ಎಲ್ಲಕ್ಕೂ ಒಂದೇ ಮೋಡ್, ಒಂದೇ ಪ್ರಮಾಣ. ಹಾಡುಗಾರಿಕೆ ಸೇರಿರುವಲ್ಲಿ ಕತ್ತರಿಸುವ ವಿಧಾನ ಆಗದು, ಸ್ವರ ತುಂಡಾಗುತ್ತದೆ. ಅಲ್ಲಿ ಇಡೀ ಟ್ರ್ಯಾಕನ್ನು ಅಲ್ಪ ಪ್ರಮಾಣದಲ್ಲಿ ಬದಲಿಸುವುದೇ ದಾರಿ.

6. ಯಾವ ವಾದ್ಯಕ್ಕೆ ಯಾವುದು

ನಮ್ಮ ಘಟಕಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ವಾದ್ಯಗಳನ್ನು ಮಾತ್ರ ಇಲ್ಲಿ ತೆಗೆದುಕೊಂಡಿದ್ದೇವೆ. ಕೊಟ್ಟಿರುವ ಮಿತಿ ನಮ್ಮ ಕಿವಿಯ ಅಂದಾಜು. ನಿಮ್ಮ ರೆಕಾರ್ಡಿಂಗಿಗೆ ನಿಮ್ಮ ಕಿವಿಯೇ ಪ್ರಮಾಣ.

- *ಡೊಳ್ಳು.* ಜತ್ತ, ಅಕ್ಕಲಕೋಟೆ ಕಡೆಯ ಡೊಳ್ಳಿನ ಪದವಿರಲಿ, ಕುಣಿತವಿರಲಿ, ಬಿಡಿಪೆಟ್ಟು ಸ್ಪಷ್ಟವಾಗಿದ್ದರೆ ವಿಧಾನ "ಗ". ಹಾಡು ಸೇರಿದ್ದರೆ "ಖ", ಶೇ. 8ರೊಳಗೆ. ಹತ್ತಾರು ಡೊಳ್ಳು ಒಟ್ಟಿಗೆ ಬಾರಿಸುವಾಗ ಎಲ್ಲರ ಪೆಟ್ಟೂ ಒಂದೇ ಕ್ಷಣಕ್ಕೆ ಬೀಳುವುದಿಲ್ಲ. ಆ ಸಣ್ಣ ಹರಡಿಕೆಯನ್ನು ಒಂದೇ ಪೆಟ್ಟೆಂದು ತಿಳಿದು, ಮೊದಲು ಬಿದ್ದವನ ಪೆಟ್ಟಿಗಿಂತ ತುಸು ಮುಂಚೆಯೇ ಕತ್ತರಿಸಿ.
- *ತಮಟೆ, ಹಲಗೆ.* ನಾದ ಬೇಗ ಆರುತ್ತದೆ. ಕತ್ತರಿಸಲು ಇದರಷ್ಟು ಸಲೀಸಾದದ್ದು ಬೇರೊಂದಿಲ್ಲ. ಶೇ. 15ರವರೆಗೂ ಹೋಗಬಹುದು. ಶ್ರುತಿಯ ಹಂಗಿಲ್ಲದಲ್ಲಿ ಶೇ. 3ರೊಳಗಿನ ಬದಲಾವಣೆಗೆ ಟೇಪಿನ ರೀತಿಯ ಚೇಂಜ್ ಸ್ಪೀಡ್ ಕೂಡ ಸಾಕು. ಅದರಲ್ಲಿ ಪೆಟ್ಟಿನ ಹರಿತ ಸ್ವಲ್ಪವೂ ಮಾಸುವುದಿಲ್ಲ.
- *ಚೆಂಡೆ.* ಬಿಡಿ ಪೆಟ್ಟಿಗೆ "ಗ" ಆದೀತು. ಉರುಳಿಕೆಯಲ್ಲಿ ಪೆಟ್ಟಿಗೆ ಪೆಟ್ಟು ಅಂಟಿಕೊಂಡಿರುತ್ತದೆ, ಕತ್ತರಿಸಲು ಜಾಗವೇ ಇರುವುದಿಲ್ಲ. ಆ ಭಾಗಕ್ಕೆ "ಖ", ಶೇ. 5ರೊಳಗೆ.
- *ಮದ್ದಳೆ, ತಬಲ.* ಇವು ಹಾಡುವವರ ಶ್ರುತಿಗೆ ಸೇರಿಸಿದ ವಾದ್ಯಗಳು. ಶ್ರುತಿ ಕದಲುವ ವಿಧಾನ ಸುತರಾಂ ಬೇಡ. ತಬಲದ ಎಡಗೈಯಲ್ಲಿ ನಾದ ಜಾರುತ್ತ ಹೋಗುವುದರಿಂದ ಕತ್ತರಿಸಿದರೆ ಜಾರು ತುಂಡಾಗುತ್ತದೆ. "ಘ" ಒಳ್ಳೆಯದು.
- *ಕಂಸಾಳೆ, ತಾಳ, ಗೆಜ್ಜೆ.* ಎಲ್ಲಕ್ಕಿಂತ ಕಷ್ಟದ್ದು ಇವು. ಕಂಚಿನ ನಾದದಲ್ಲಿ ಸಣ್ಣ ಸಣ್ಣ ಕಂಪನಗಳು ದಟ್ಟವಾಗಿ ಹೆಣೆದುಕೊಂಡಿರುತ್ತವೆ. ಸ್ವಲ್ಪ ಹಿಗ್ಗಿಸಿದರೂ ತುಕ್ಕು ಹಿಡಿದ ತಗಡಿನಂತೆ ಕೇಳತೊಡಗುತ್ತದೆ. ತಾಳವಾಡಿ ಕಡೆಯ ಬೀಸು ಕಂಸಾಳೆಯ ರೆಕಾರ್ಡಿಂಗ್ ಇದ್ದವರು ಶೇ. 4ಕ್ಕಿಂತ ಹೆಚ್ಚು ಬದಲಿಸಲು ಹೋಗಬೇಡಿ. ಅದಕ್ಕಿಂತ ಹೆಚ್ಚು ಬೇಕೆಂದರೆ ಬೇರೆ ವೇಗದ ರೆಕಾರ್ಡಿಂಗ್ ಹುಡುಕುವುದೇ ಲೇಸು.

ಒಂದು ಸಾಮಾನ್ಯ ಮಾತು. ವೇಗ ಹೆಚ್ಚಿಸಿದ್ದಕ್ಕಿಂತ ಇಳಿಸಿದ್ದರಲ್ಲಿ ದೋಷ ಬೇಗ ಕಾಣುತ್ತದೆ. ಇಲ್ಲದ ಧ್ವನಿಯನ್ನು ಸಾಫ್ಟ್‌ವೇರ್ ಎಲ್ಲಿಂದಲಾದರೂ ತಂದು ತುಂಬಬೇಕಲ್ಲ. ಮುಂದೆ ರೆಕಾರ್ಡಿಂಗ್ ಮಾಡಿಸುವ ಅವಕಾಶ ಸಿಕ್ಕಿದಾಗ ವಾದ್ಯದವರನ್ನು ಕೇಳಿಕೊಂಡು ಅದೇ ಗತ್ತನ್ನು ಎರಡು ವೇಗದಲ್ಲಿ ಬಾರಿಸಿಸಿ ಇಟ್ಟುಕೊಳ್ಳಿ. ಹತ್ತು ನಿಮಿಷದ ಆ ಕೆಲಸ ಆಮೇಲೆ ಎಷ್ಟೋ ದಿನ ಉಳಿಸುತ್ತದೆ.

7. ಲಯವನ್ನು ಗೆರೆಗೆ ಕಟ್ಟಬೇಡಿ

ಸಾಫ್ಟ್‌ವೇರಿನಲ್ಲಿ ಕ್ವಾಂಟೈಸ್ ಎಂಬ ಬಟನ್ ಇದೆ. ಒತ್ತಿದರೆ ಎಲ್ಲ ಪೆಟ್ಟುಗಳೂ ಹೋಗಿ ಹತ್ತಿರದ ಗೆರೆಗೆ ಅಂಟಿಕೊಳ್ಳುತ್ತವೆ. ಪರದೆಯ ಮೇಲೆ ನೋಡಲು ಅಚ್ಚುಕಟ್ಟು. ಕೇಳಿದರೆ ಜೀವ ಹೋಗಿರುತ್ತದೆ.

ಡೊಳ್ಳು ಕುಣಿತ ನಿಧಾನವಾಗಿ ಶುರುವಾಗಿ, ಕುಣಿಯುವವರ ಮೈ ಬಿಸಿಯಾದಂತೆ ಏರುತ್ತ ಹೋಗುತ್ತದೆ. 112ರಲ್ಲಿ ಆರಂಭವಾದದ್ದು ಕೊನೆಗೆ 140 ಮುಟ್ಟಿರಬಹುದು. ಈ ಏರಿಕೆ ದೋಷವಲ್ಲ, ಅದೇ ಕುಣಿತದ ಬೆನ್ನೆಲುಬು. ಇಡೀ ಟ್ರ್ಯಾಕನ್ನು 100ರ ಗೆರೆಗೆ ಕಟ್ಟಿದರೆ ಮಕ್ಕಳಿಗೆ ಏರುವುದು ಎಂದರೇನೆಂದೇ ಗೊತ್ತಾಗುವುದಿಲ್ಲ.

ಸರಿಯಾದ ದಾರಿ ಟೆಂಪೊ ಮ್ಯಾಪ್ ಮಾಡಿಕೊಳ್ಳುವುದು. ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಒಂದು ಗುರುತು ಹಾಕುತ್ತ ಹೋದರೆ ಎಲ್ಲೆಲ್ಲಿ ಎಷ್ಟು ವೇಗ ಎಂದು ಸಾಫ್ಟ್‌ವೇರಿಗೆ ತಿಳಿಯುತ್ತದೆ. ಆಮೇಲೆ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಇಳಿಸಬೇಕು. 112 ಇದ್ದದ್ದು 100 ಆದರೆ, 140 ಇದ್ದದ್ದು 125 ಆಗಬೇಕು. ವೇಗ ಇಳಿಯಿತು, ಏರಿಕೆಯ ಆಕಾರ ಉಳಿಯಿತು. ಮುಖ್ಯ ಪೆಟ್ಟಿಗಿಂತ ಕೂದಲೆಳೆಯಷ್ಟು ಹಿಂದೆ ಬೀಳುವ ಪೆಟ್ಟು, ಬಿಡ್ತಿಗೆ ಮುಂಚಿನ ಸಣ್ಣ ಅವಸರ ಇವೆಲ್ಲ ಬಾರಿಸಿದವರ ಕೈಗುರುತು. ಅವು ಹೊಸ ವೇಗದಲ್ಲೂ ಅದೇ ಪ್ರಮಾಣದಲ್ಲಿ ಇರಬೇಕು.

ಇದನ್ನು ಒತ್ತಿ ಹೇಳಲು ಕಾರಣ ನಾವೇ ಮಾಡಿದ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರ ತಂಡದ ಡೊಳ್ಳಿನ ರೆಕಾರ್ಡಿಂಗನ್ನು ಮಕ್ಕಳಿಗೆಂದು ನಿಧಾನ ಮಾಡಿದೆವು. ಗೆರೆಗೂ ಕಟ್ಟಿದೆವು. ಅವಸರದಲ್ಲಿ ಅದೇ ಹೆಸರಿನಲ್ಲಿ ಸೇವ್ ಮಾಡಿದೆವು. ಮೂಲ ಇದ್ದ ಮೊಬೈಲ್ ಕೆಟ್ಟುಹೋಗಿತ್ತು. ಎರಡು ವರ್ಷ ಮಕ್ಕಳು ಅದರ ಮೇಲೆಯೇ ಕಲಿತರು, ಚೆನ್ನಾಗಿಯೇ ಕುಣಿದರು. ಆಮೇಲೊಮ್ಮೆ ನಿಜವಾದ ಡೊಳ್ಳಿನವರು ಬಂದು ಬಾರಿಸಿದಾಗ ಏರಿಕೆ ಶುರುವಾದ ಕೂಡಲೇ ಮಕ್ಕಳ ಹೆಜ್ಜೆ ತಪ್ಪಿತು. ತಪ್ಪು ಮಕ್ಕಳದಲ್ಲ, ನಮ್ಮದು. ಆ ಹಿರಿಯರು ಈಗ ಡೊಳ್ಳು ಹೊರುವ ಸ್ಥಿತಿಯಲ್ಲಿಲ್ಲ. ಅವರು ಬಾರಿಸಿದ್ದು ಹೇಗಿತ್ತು ಎಂದು ಕೇಳಿಸಲು ನಮ್ಮ ಬಳಿ ಉಳಿದಿರುವುದು ನಾವು ತಿದ್ದಿ ಕೆಡಿಸಿದ ಪ್ರತಿ ಮಾತ್ರ.

8. ಕಡತ ಕಾಪಾಡುವ ಕ್ರಮ

ಆ ಅನುಭವದ ನಂತರ ನಾವು ಪಾಲಿಸುತ್ತಿರುವ ನಿಯಮಗಳಿವು. ಎಲ್ಲ ಘಟಕಗಳೂ ಪಾಲಿಸಬೇಕೆಂದು ಕೋರುತ್ತೇವೆ.

- ಮೂಲ ಕಡತದ ಹೆಸರಿನಲ್ಲಿ "ಮೂಲ" ಎಂದು ಬರೆದು, ಎರಡು ಬೇರೆಬೇರೆ ಕಡೆ ಇಡಿ. ಒಂದು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್, ಇನ್ನೊಂದು ಆನ್‌ಲೈನ್ ಸಂಗ್ರಹ. ಅದನ್ನು ಯಾವ ಕಾರಣಕ್ಕೂ ತಿದ್ದಬೇಡಿ.
- ತಿದ್ದಿದ ಕಡತದ ಹೆಸರಿನಲ್ಲಿ ಹಳೆಯ ವೇಗ, ಹೊಸ ವೇಗ ಎರಡೂ ಇರಲಿ. "ಡೊಳ್ಳು 112ರಿಂದ 100" ಎಂದಿದ್ದರೆ ಹತ್ತು ವರ್ಷದ ನಂತರ ನೋಡಿದವರಿಗೂ ಅರ್ಥವಾಗುತ್ತದೆ.
- ಸಾಧ್ಯವಾದರೆ ವೇವ್ ಕಡತದಲ್ಲೇ ಕೆಲಸ ಮಾಡಿ. ಎಂಪಿ3 ಕಡತ ಚಿಕ್ಕದಾಗಲು ಧ್ವನಿಯ ಕೆಲವಂಶ ಬಿಟ್ಟಿರುತ್ತದೆ. ಅದನ್ನು ತಿದ್ದಿ ಮತ್ತೆ ಎಂಪಿ3 ಮಾಡಿದರೆ ಇನ್ನಷ್ಟು ಹೋಗುತ್ತದೆ, ಮೊದಲು ಹೋಗುವುದು ಪೆಟ್ಟಿನ ಹರಿತ.
- ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಆಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಕಡತ ಇದ್ದಂತೆಯೇ ತಲುಪುತ್ತದೆ.
- ಮುಗಿದ ಮೇಲೆ ಹೆಡ್‌ಫೋನಿನಲ್ಲಿ ಒಮ್ಮೆ, ಕಾರ್ಯಕ್ರಮದ ದೊಡ್ಡ ಸ್ಪೀಕರಿನಲ್ಲಿ ಒಮ್ಮೆ ಪೂರ್ತಿ ಕೇಳಿ. ಇಮ್ಮಡಿ ಪೆಟ್ಟು ಹೆಡ್‌ಫೋನಿನಲ್ಲಿ ಗೊತ್ತಾಗುತ್ತದೆ, ಮೆತ್ತಗಾದ ಪೆಟ್ಟು ದೊಡ್ಡ ಸ್ಪೀಕರಿನಲ್ಲಿ.
- ಬಾರಿಸಿದವರ ಒಪ್ಪಿಗೆ ಕೇಳಿ, ಕಾರ್ಯಕ್ರಮದಲ್ಲಿ ಅವರ ಹೆಸರು ಹೇಳಿ. ಇದು ಬರೀ ಸೌಜನ್ಯದ ಮಾತಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ನಂತರ, ತಮ್ಮ ಪ್ರದರ್ಶನಕ್ಕೆ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕೂ, ಗೌರವಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕೂ ಕಲಾವಿದರಿಗೆ ಇದೆ.

ಒಂದೇ ನೋಟಕ್ಕೆ

- ಅಭ್ಯಾಸಕ್ಕೆ ಮಾತ್ರ: ಪ್ಲೇಬ್ಯಾಕ್ ಸ್ಪೀಡ್ ಸಾಕು.
- ಹಾಡು ಸೇರಿದ ಟ್ರ್ಯಾಕ್: ಚೇಂಜ್ ಟೆಂಪೊ, ಅಲ್ಪ ಪ್ರಮಾಣದಲ್ಲಿ.
- ಬಿಡಿಪೆಟ್ಟಿನ ವಾದ್ಯ: ಕತ್ತರಿಸಿ ಸರಿಸುವುದು.
- ನಾದ ನಿಲ್ಲುವ ವಾದ್ಯ: ಜೋಡಿ ಮಾರ್ಕರ್.
- ಹಲವು ಮೈಕು: ಎಲ್ಲವೂ ಒಟ್ಟಿಗೆ, ಒಂದೇ ಪ್ರಮಾಣ.
- ಏರುವ ಲಯ: ಟೆಂಪೊ ಮ್ಯಾಪ್. ಕ್ವಾಂಟೈಸ್ ಬೇಡ.
- ಎಲ್ಲಕ್ಕೂ ಮೊದಲು: ಮೂಲದ ಪ್ರತಿ.

ವೇಗ ಇಳಿಸಿದ ಟ್ರ್ಯಾಕು ಮಕ್ಕಳಿಗೆ ಊರುಗೋಲು ಮಾತ್ರ. ಹೆಜ್ಜೆ ಕೂತ ಮೇಲೆ ಒಂದು ದಿನವಾದರೂ ಮೂಲ ರೆಕಾರ್ಡಿಂಗನ್ನು ಅದರದ್ದೇ ವೇಗದಲ್ಲಿ ಕೇಳಿಸಿ ಕುಣಿಸಿ. ವಾದ್ಯದವರು ಹತ್ತಿರದಲ್ಲಿದ್ದರೆ ಅವರನ್ನೇ ಕರೆದು ಒಂದು ಸಂಜೆ ಕೂರಿಸಿಕೊಳ್ಳಿ. ನಿಮ್ಮ ಘಟಕದಲ್ಲಿ ಯಾರ ಬಳಿಯಾದರೂ ಹಳೆಯ ತಂಡಗಳ ಕ್ಯಾಸೆಟ್ ಇದ್ದರೆ, ತಿದ್ದುವ ಮಾತು ಆಮೇಲಿರಲಿ, ಮೊದಲು ಇದ್ದದ್ದನ್ನು ಇದ್ದಂತೆ ಒಂದು ಪ್ರತಿ ಮಾಡಿಸಿ ಇಡಿ.